ಖಾನೆಯಕ್ಕ ಮತ್ತು ತಲೆಮರೆಸಿಕೊಂಡ ತಮ್ಮ

ಯಜಮಾನರ ಮಗಳ ಮದುವೆಯ ಸುದ್ದಿ ಅವರದೇ ವೆಬ್‌ಸೈಟಿನ ಮುಖಪುಟದಲ್ಲಿ ಹೀಗೆ ಬಂತು. ಮೇಲೆ ಕೈಕೈ ಹಿಡಿದು ನಗುತ್ತಿರುವ ವಧೂವರರ ಫೋಟೋ. ಅದರ ಕೆಳಗೆ ಬೂದು ಬಣ್ಣದ ಪಟ್ಟಿಯಲ್ಲಿ: 'ಘಟನೆ: ಮದುವೆ. ಸಿಕ್ಕಿಬಿದ್ದವರು: ಇಬ್ಬರು. ಬಳಸಿದ ಆಯುಧ: ದೊಣ್ಣೆ. ಪರಿಸ್ಥಿತಿ: ಉದ್ವಿಗ್ನ, ಆದರೆ ನಿಯಂತ್ರಣದಲ್ಲಿದೆ.'

ಊರಿನ ಸಂಸಾರಸ್ಥರಿಗೆ ಇದರಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ. ಯಜಮಾನರಿಗೆ ಮಾತ್ರ ಕಂಡಿತು. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಎತ್ತಿ ಬೀಸಿ ಎಸೆದರು. ಪೇಪರ್ ನಿಂತುಹೋಗಿ ಬರೀ ವೆಬ್‌ಸೈಟ್ ಉಳಿದ ಮೇಲೆ ಆ ಕಚೇರಿಯಲ್ಲಿ ಪೇಪರ್‌ವೇಟಿಗೆ ಉಳಿದಿದ್ದ ಉಪಯೋಗ ಅದೊಂದೇ. ಎದುರಿಗೆ ನಿಂತಿದ್ದ, ವೆಬ್‌ಸೈಟಿನ ಪುಟ ಕಟ್ಟುವ ಖಾನೆಯಕ್ಕ ತಲೆ ತಗ್ಗಿಸಿದಳು, ಅವಮಾನದಿಂದಲ್ಲ, ಪೇಪರ್‌ವೇಟಿನಿಂದ. ಅದು ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆ ಗಡಿಯಾರದ ಮುಖ ಒಡೆಯಿತು.

"ನನ್ನ ಮಗಳ ಮದುವೇಲಿ ದೊಣ್ಣೆ ಎಲ್ಲಿಂದ ಬಂತಮ್ಮಾ?"

"ನಿನ್ನೆ ಕಾಲೇಜಿನ ಗಲಾಟೆಯಿಂದ ಬಂತು ಸರ್."

"ಅಳಿಯ ಫೋನ್ ಮಾಡಿ, ಮಾವಾ, ಸಿಕ್ಕಿಬಿದ್ದಿದ್ದು ನಿಜ, ದೊಣ್ಣೆ ಯಾವಾಗ ಅಂತ ಕೇಳ್ತಿದ್ದಾನೆ!"

ಆಗಿದ್ದಿಷ್ಟೆ. ಆ ಕಚೇರಿಯಲ್ಲಿ ಹೊಸ ಸುದ್ದಿಗೆ ಯಾರೂ ಹೊಸ ಪುಟ ತೆರೆಯುತ್ತಿರಲಿಲ್ಲ. ಹಳೆಯದೊಂದನ್ನು ನಕಲು ಮಾಡಿ ಮೇಲೆ ಮೇಲೆ ತಿದ್ದಿಬಿಡುವುದು ಅಲ್ಲಿನ ಪದ್ಧತಿ. ಮಂಟಪದಿಂದಲೇ ಯಜಮಾನರು "ಹಾಕು, ಹಾಕು, ಈಗಲೇ ಹಾಕು" ಎಂದು ಅವಸರ ಮಾಡಿದಾಗ, ಖಾನೆಯಕ್ಕನೂ ಹಿಂದಿನ ದಿನದ ಹೊಡೆದಾಟದ ಪುಟವನ್ನೇ ನಕಲು ಮಾಡಿದ್ದಳು. ತಲೆಬರಹ ತಿದ್ದಿದಳು, ಫೋಟೋ ತಿದ್ದಿದಳು, ಕೆಳಗಿನ ಬೂದು ಪಟ್ಟಿಯ ಖಾನೆಗಳನ್ನು ಮರೆತಳು. ಮರೆತಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಏಕೆಂದರೆ ಖಾನೆಗಳೇ ಅವಳ ಕೆಲಸ, ಹೆಸರೂ ಅದರಿಂದಲೇ ಬಂದದ್ದು. ಬೇರೆಯವರಿಗೆ ಸುದ್ದಿ ಎಂದರೆ ಒಂದು ಕಥೆ. ಅವಳಿಗೆ ಅದು ಕೊಯ್ದು ಇಡಬೇಕಾದ ಹೆಣ. ಹೊಡೆದವನು ಒಂದು ಖಾನೆಗೆ, ಹೊಡೆಸಿಕೊಂಡವನು ಇನ್ನೊಂದಕ್ಕೆ, ಆಯುಧ ಮತ್ತೊಂದಕ್ಕೆ, ಜಾಗ, ಗುಂಪಿನಲ್ಲಿದ್ದವರ ಸಂಖ್ಯೆ, ಸದ್ಯದ ಸ್ಥಿತಿ ಎಲ್ಲಕ್ಕೂ ಬೇರೆ ಬೇರೆ. ಮನುಷ್ಯರಿಗಂತೂ ಪ್ರತ್ಯೇಕ ಉಗ್ರಾಣವೇ ಇತ್ತು. ಒಬ್ಬನನ್ನು ಫೋಟೋ ಸಮೇತ ಒಮ್ಮೆ ಅದರೊಳಗಿಟ್ಟರೆ ಸಾಕು, ಆಮೇಲೆ ಅವನು ಎಲ್ಲಿ ಯಾರ ತಲೆ ಒಡೆದರೂ ಆ ಘಟನೆಗೆ ಅವನನ್ನು ಕೊಕ್ಕೆ ಹಾಕಿ ಸಿಕ್ಕಿಸುವುದು. ಓದುಗರು ಒಬ್ಬ ರೌಡಿಯ ಮುಖ ಒತ್ತಿದರೆ ಅವನ ಪೂರ್ತಿ ಜೀವನಚರಿತ್ರೆ ಸಾಲಾಗಿ ಬಂದು ನಿಲ್ಲುತ್ತಿತ್ತು. ಒಬ್ಬನಂತೂ, ಇದರಲ್ಲಿ ಕೆನ್ನೆ ಊದಿದೆ ಎಂದು ಸ್ಟುಡಿಯೋದಲ್ಲಿ ತೆಗೆಸಿದ ಹೊಸ ಫೋಟೋ ತಂದುಕೊಟ್ಟು ಹೋಗಿದ್ದ. ಊರಿನ ಕಾರ್ಖಾನೆಯಲ್ಲಿ ಕೈ ಕತ್ತರಿಸಿಕೊಂಡವರು, ದವಾಖಾನೆಯಲ್ಲಿ ಕಣ್ಣು ಮುಚ್ಚಿದವರು, ಬಂದೀಖಾನೆಯಲ್ಲಿ ಕಣ್ಣು ಬಿಟ್ಟವರು, ಎಲ್ಲ ಖಾನೆಯವರೂ ಕೊನೆಗೆ ಬಂದು ಬೀಳುತ್ತಿದ್ದದ್ದು ಅಕ್ಕನ ಖಾನೆಗೇ.

ಈ ಶಿಸ್ತು ಅವಳಿಗೆ ಕಾನ್ವೆಂಟಿನಲ್ಲಿ ಬಿದ್ದದ್ದು. ಬಿದ್ದದ್ದು ಅಂದರೆ ಬೆರಳ ಗೆಣ್ಣಿನ ಮೇಲೆ. ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಒಂದು ಅಂಕಿ ಚೌಕದ ಗೆರೆ ದಾಟಿದರೆ ಸಿಸ್ಟರ್ ಸ್ಕೇಲನ್ನು ಅಡ್ಡವಾಗಿ ಹಿಡಿದು, ಅಂಚಿನಿಂದ, ಬಾರಿಸುತ್ತಿದ್ದರು. ರಕ್ತ ಪುಸ್ತಕದ ಮೇಲೆ ತೊಟ್ಟಿಕ್ಕಿದರೆ ಅದಕ್ಕೂ ಒಂದು ಏಟು, ಅದೂ ಚೌಕದ ಹೊರಗೇ ಬಿದ್ದಿತ್ತಲ್ಲ! ನಲವತ್ತು ದಾಟಿದರೂ ಖಾಲಿ ಚೌಕ ಕಂಡರೆ ಅವಳ ಗೆಣ್ಣು ನೋಯುತ್ತಿತ್ತು. ಖಾಲಿ ಬಿಟ್ಟುಕೊಂಡಿದ್ದು ಮದುವೆಯ ಖಾನೆಯೊಂದನ್ನೇ. ಅಮ್ಮ ಅದನ್ನೆತ್ತಿದರೆ, "ಅದು ಕಡ್ಡಾಯ ಅಲ್ಲಮ್ಮ, ಪಕ್ಕದಲ್ಲಿ ಕೆಂಪು ಚುಕ್ಕಿ ಇಲ್ಲ" ಎಂದು ಎದ್ದು ಹೋಗುತ್ತಿದ್ದಳು.

ಅವಳ ಕಣ್ಣೂ ಅವಳ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಹತ್ತಿರದ್ದು ಸಾಸಿವೆಯಷ್ಟಿದ್ದರೂ ಕಾಣುವುದು, ದೂರದ್ದು ಆನೆಯಷ್ಟಿದ್ದರೂ ಕಾಣದು. ಪರದೆಯ ಮುಂದೆ ಕೂತೊಡನೆ ದಪ್ಪ ಕನ್ನಡಕ ತೆಗೆದು ಪೆನ್ನಿನ ಡಬ್ಬಿಗೆ ಸಿಕ್ಕಿಸಿ, ಮೂಗು ಪರದೆಗೆ ತಾಗುವಷ್ಟು ಬಾಗುವಳು. "ಅಕ್ಕ ಸುದ್ದಿ ಓದ್ತಿಲ್ಲ, ಮೂಸ್ತಿದ್ದಾಳೆ" ಎನ್ನುವನು ಕ್ರೈಂ ವರದಿಗಾರ. ಸುದ್ದಿ ಸಿಕ್ಕ ಜಾಗದಿಂದಲೇ, ಆರುವ ಮುಂಚೆ, ಮೊಬೈಲಿನಲ್ಲಿ ಒತ್ತಿ ಕಳಿಸುತ್ತಿದ್ದುದರಿಂದ ಅವನಿಗೆ ಬಿಸಿಯಪ್ಪ ಎಂದೇ ಹೆಸರು.

ಮದುವೆಯ ದೊಣ್ಣೆ ಪ್ರಕರಣದ ಮರುದಿನ ಯಜಮಾನರ ಅಪ್ಪಣೆಯಾಯಿತು. ಹಳೇ ಸುದ್ದಿಯ ಪರಿಸ್ಥಿತಿ ಹೊಸ ಸುದ್ದಿಗೆ ಅಂಟಿಕೊಂಡು ಬರಕೂಡದು. ಖಾನೆಯಕ್ಕ ಹಾಗೇ ಕಟ್ಟಿದಳು. ಯಾರೇ ಪುಟ ನಕಲು ಮಾಡಿದರೂ ಆಯುಧ, ಸಂಖ್ಯೆ, ಸ್ಥಿತಿ ಎಲ್ಲ ಅಳಿಸಿಹೋಗಬೇಕು. ಖಾಲಿ ಕಂಡರೆ ಗೆಣ್ಣು ನೋಯುವುದರಿಂದ ಸ್ಥಿತಿಯ ಖಾನೆಗಳಲ್ಲಿ ತಾನಾಗಿ ಒಂದು ಮಾತು ಬಂದು ಕೂರುವಂತೆ ಮಾಡಿದಳು. ಘಟನೆಗೆ 'ತನಿಖೆ ನಡೆದಿದೆ'. ಆರೋಪಿಗೆ 'ತಲೆಮರೆಸಿಕೊಂಡಿದ್ದಾನೆ'. ಆ ಊರಿನಲ್ಲಿ ಮೊದಲ ದಿನ ಆ ಮಾತು ಸುಳ್ಳಾದದ್ದೇ ಇಲ್ಲ.

ಮನುಷ್ಯರನ್ನೂ ಅಳಿಸಿಬಿಡುವುದೆಂದು ಹೊರಟಾಗ ಬಿಸಿಯಪ್ಪ ಅಡ್ಡ ಬಂದ.

"ಅಕ್ಕಾ, ನಿನ್ನ ದಮ್ಮಯ್ಯ. ಈ ಊರಲ್ಲಿ ಹೊಡೆಯೋರೂ ಅವರೇ, ಹೊಡೆಸ್ಕೊಳ್ಳೋರೂ ಅವರೇ. ದಿನಾ ಹುಡುಕಿ ಹುಡುಕಿ ಅವರನ್ನೇ ಸಿಕ್ಕಿಸ್ತಾ ಕೂತ್ರೆ ನನ್ನ ಬೆರಳು ಸವೆದು ಮೊಣಕೈ ಬರುತ್ತೆ. ಜನ ಇರಲಿ ಬಿಡು."

"ನೋಡಿ ತಿದ್ತೀಯಾ? ಪುಟದ ಕೆಳಗಿನವರೆಗೂ ಹೋಗಿ ನೋಡ್ತೀಯಾ?"

"ಅಮ್ಮನಾಣೆ!"

ಅವನ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಖಾನೆಯಕ್ಕ ಜನರನ್ನು ಉಳಿಸಿದಳು.

ಹಾಗೆ ಉಳಿದ ಜನರಲ್ಲಿ ಅವಳ ಒಡಹುಟ್ಟಿದ ತಮ್ಮನೂ ಒಬ್ಬ. ಕಚೇರಿಯ ಹಿಂದಿನ ಬೀದಿಯಲ್ಲಿ, ಮೀನು ಮಾರುಕಟ್ಟೆಯ ಬಾಯಿಗೆ ಅವನದೊಂದು ಸಾಣೆ ಅಂಗಡಿ. ಒಂದು ಮೋಟಾರು, ಒಂದು ಕಲ್ಲಿನ ಚಕ್ರ, ಒಂದು ಬಕೆಟ್ ನೀರು. ಮಾರುಕಟ್ಟೆಯ ಕತ್ತಿಗಳೆಲ್ಲ ಅವನ ಕೈಯಲ್ಲೇ ಹುಟ್ಟುಗುಣ ಪಡೆಯುತ್ತಿದ್ದವು. "ಚೂಪು ಮಾಡೋದು ನನ್ನ ಕೆಲಸ, ಚುಚ್ಚೋದು ಅವರವರ ಹಣೆಬರಹ" ಎನ್ನುವನು. ಹಿಂದೊಮ್ಮೆ ಮಾರುಕಟ್ಟೆಯಲ್ಲಿ ಯಾರನ್ನೋ ಇರಿದ ಚೂರಿ ಅದೇ ಬೆಳಿಗ್ಗೆ ಅವನ ಚಕ್ರಕ್ಕೆ ತಾಗಿದ್ದು ಎಂದು ಗೊತ್ತಾಗಿ ಪೊಲೀಸರು ಎಳೆದೊಯ್ದರು. ಅಂಗಾಲಿಗೆ ಬಾರಿಸಿದರು. ಇರಿದವನು ಸಿಕ್ಕ ಮೇಲೆ, ಬಾರಿಸಿದ್ದನ್ನು ವಾಪಸು ತೆಗೆದುಕೊಳ್ಳಲಾಗದೆ ಅವನನ್ನಷ್ಟೇ ವಾಪಸು ಕಳಿಸಿದರು. ಆಗ ಅವನ ಮುಖವನ್ನು ಆರೋಪಿಯ ಖಾನೆಗೆ ಸಿಕ್ಕಿಸಿದವಳು ಖಾನೆಯಕ್ಕನೇ. ಅಮ್ಮ ಮೂರು ಹೊತ್ತು ಮಾತು ಬಿಟ್ಟಳು. ಅವನು ಬಿಡುಗಡೆಯಾದ ದಿನ ಸ್ಥಿತಿಯ ಖಾನೆಯಲ್ಲಿ 'ನಿರ್ದೋಷಿ' ಎಂದು ಬರೆದವಳೂ ಅವಳೇ. ಬರೀ 'ಬಿಡುಗಡೆ' ಸಾಕು ಎಂದ ಯಜಮಾನರ ಹತ್ತಿರ ಜಗಳವಾಡಿ ಬರೆದಿದ್ದಳು. ತಮ್ಮನಿಗೆ ಅವಳು ಕೊಟ್ಟ ಅತಿ ದೊಡ್ಡ ಉಡುಗೊರೆ ಆ ಮೂರಕ್ಷರ.

ಹೀಗಿರುವಾಗ ಒಂದು ಮಧ್ಯಾಹ್ನ ಮೀನು ಹರಾಜಿನವನ ಹಿರಿಮಗನನ್ನು ಅದೇ ಮಾರುಕಟ್ಟೆಯಲ್ಲಿ ಯಾರೋ ಇರಿದು ಕೊಂದರು. ಹೊಟ್ಟೆಗೆ ಹಾಕಿದ ಚೂರಿ ಎದೆಯವರೆಗೆ ಎಳೆದಿದ್ದರು. ಮೀನನ್ನು ಸೀಳುವ ಹಾಗೆ ಎಂದು ನೋಡಿದವರು ಹೇಳಿದರು, ಅವರೆಲ್ಲ ಮೀನು ಸೀಳುವವರೇ ಆದ್ದರಿಂದ ಹೋಲಿಕೆ ಸರಿಯಾಗಿಯೇ ಇದ್ದಿರಬೇಕು. ಐಸು ತುಂಬಿದ ಕಟ್ಟೆಯ ಮೇಲೆ ಅವನು ಅಂಗಾತ ಬಿದ್ದಿದ್ದ. ಐಸೆಲ್ಲ ಕೆಂಪಾಗಿ, ಕರಗಿ, ಚರಂಡಿಯಲ್ಲಿ ಹರಿಯುತ್ತಿತ್ತು. ಬಿಸಿಯಪ್ಪ ಅಲ್ಲೇ, ಕಾಲು ಒದ್ದೆಯಾಗದ ಜಾಗ ನೋಡಿ ನಿಂತು ಮೊಬೈಲ್ ತೆಗೆದ. ಹೊಂದುವ ಹಳೇ ಪುಟ ಹುಡುಕಿದ. ಅದೇ ಮಾರುಕಟ್ಟೆ, ಅದೇ ಚೂರಿ ಇರಿತ ಇದ್ದ ಪುಟ ಸಿಕ್ಕಿತು. ನಕಲು ಮಾಡಿದ. ತಲೆಬರಹ ತಿದ್ದಿದ, ಸತ್ತವನನ್ನು ಸೇರಿಸಿದ, ಆಯುಧ ಆರಿಸಿದ. ಬೆರಳಗಲದ ಪರದೆಯಲ್ಲಿ ಆರೋಪಿಯ ಖಾನೆ ಎಲ್ಲೋ ಕೆಳಗಿತ್ತು. ಇರಿದವನು ಯಾರೆಂದು ಇನ್ನೂ ಗೊತ್ತಿಲ್ಲದ ಮೇಲೆ ಅಲ್ಲಿಗೆ ಯಾಕೆ ಹೋಗಬೇಕು? ಒತ್ತಿಯೇಬಿಟ್ಟ. ಊರಿನ ಮೊಬೈಲುಗಳೆಲ್ಲ ಒಮ್ಮೆಗೇ ಟಿಂಗ್ ಎಂದವು.

ಖಾನೆಯಕ್ಕನ ಪರದೆಯ ಮೇಲೂ ಪುಟ ತೆರೆದುಕೊಂಡಿತು. ಅವಳು ಮೂಗು ಹತ್ತಿರ ಒಯ್ದಳು. ಬೂದು ಪಟ್ಟಿಯಲ್ಲಿ ತಮ್ಮ, ಹಲ್ಲು ಬಿಟ್ಟು ನಗುತ್ತಿದ್ದ. ಅದು ಅವಳೇ ಆಲ್ಬಮ್ಮಿನಿಂದ ಆರಿಸಿದ ಫೋಟೋ. ಕೆಳಗೆ, ನಕಲಿನಲ್ಲಿ ಅಳಿಸಿಹೋದ 'ನಿರ್ದೋಷಿ'ಯ ಜಾಗದಲ್ಲಿ: 'ಆರೋಪಿ. ತಲೆಮರೆಸಿಕೊಂಡಿದ್ದಾನೆ.' ಅವನು ತಲೆ ಮರೆಸಿಕೊಂಡಿರಲಿಲ್ಲ. ಐದು ನಿಮಿಷದ ದಾರಿಯಲ್ಲಿ, ಬಾಗಿಲು ಹಾರುಹೊಡೆದುಕೊಂಡು, ತಲೆ ತಗ್ಗಿಸಿ ಕತ್ತಿ ಮಸೆಯುತ್ತಿದ್ದ.

ಮೊದಲು ಅವಳು ಮಾಡಿದ್ದು, ಖಾನೆ ತಿದ್ದಿದ್ದು. ಕೈ ತಾನಾಗಿ ಮಾಡಿತು. ತಮ್ಮನನ್ನು ತೆಗೆದಳು, ಸೇವ್ ಒತ್ತಿದಳು, ತೆಗೆದದ್ದು ನಿಜವೇ ಎಂದು ಪುಟ ಇನ್ನೊಮ್ಮೆ ತೆರೆದು ನೋಡಿದಳು. ಅಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ಯಾರೋ ಪುಟದ ಚಿತ್ರ ತೆಗೆದು ಹಂಚಿದ್ದರು. ಅದಕ್ಕೆ ಯಾವ ಖಾನೆಯೂ ಇಲ್ಲ, ತಿದ್ದಲು ಬರುವುದಿಲ್ಲ. ತಮ್ಮನಿಗೆ ಫೋನ್ ಮಾಡಿದಳು. ಚಕ್ರ ತಿರುಗುವಾಗ ಅವನಿಗೆ ಆಕಾಶ ಕಳಚಿ ಬಿದ್ದರೂ ಕೇಳುತ್ತಿರಲಿಲ್ಲ. ಪೊಲೀಸರಿಗೆ ಮಾಡಿದಳು. "ಬರ್ತಾ ಇದೀವಿ ಇರಿ" ಎಂದರು. ಎಲ್ಲಿಗೆ ಎಂದು ಕೇಳಲಿಲ್ಲ.

ಎದ್ದು ಓಡಿದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತಾಡುತ್ತಿತ್ತು. ಅದನ್ನು ಕಿತ್ತುಕೊಂಡು ಮಗುವನ್ನೆತ್ತಿಕೊಂಡಂತೆ ಸೊಂಟಕ್ಕಿಟ್ಟುಕೊಂಡಳು.

"ಎಲ್ಲಮ್ಮಾ ಬೆಂಕಿ?" ಎಂದರು ಯಜಮಾನರು.

"ನಮ್ಮ ವೆಬ್‌ಸೈಟಲ್ಲಿ!" ಎಂದು ಮೆಟ್ಟಿಲಿಳಿದಳು.

ಹಿಂದಿನ ಬೀದಿ ತಿರುಗುವ ಮುಂಚೆಯೇ ಸದ್ದು ಕೇಳಿತು. ಅದು ಕೂಗಲ್ಲ. ಒದ್ದೆ ಚೀಲವನ್ನು ನೆಲಕ್ಕೆ ಬಡಿದಂಥ ಸದ್ದು, ಒಂದರ ಮೇಲೊಂದು, ಅದರ ನಡುವೆ ಚಕ್ರ ಇನ್ನೂ ಗೊರಗೊರ ತಿರುಗುತ್ತಿತ್ತು. ಹತ್ತಿರ ಹೋದಂತೆ ಮಾರುಕಟ್ಟೆಯವರ ಬೆನ್ನುಗಳು ಕಂಡವು. ಐಸುಗಡ್ಡೆ ಎಳೆಯುವ ಕಬ್ಬಿಣದ ಕೊಕ್ಕೆಗಳು ಮೇಲೇಳುತ್ತಿದ್ದವು, ಕೆಳಗಿಳಿಯುತ್ತಿದ್ದವು. "ಹಿಡ್ಕೋ ಅವನ ಕೈ!", "ಯಾವ ಕೈಲಿ ಮಸೆದ್ಯೋ? ಹೇಳೋ!" ಯಾರೋ ಆ ಕೈಯನ್ನು ಚಕ್ರಕ್ಕೆ ಒತ್ತಿದರು. ತಮ್ಮ ಕಿರುಚಿದ. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಾಗ "ಅಕ್ಕಾ" ಎಂದು ಕಿರುಚಿದ್ದನಲ್ಲ, ಅದೇ ದನಿ, ಅದೇ ಮಾತು.

"ಅವನಲ್ಲ! ಪುಟ ತಪ್ಪು! ತಪ್ಪು ನಂದು!" ಎಂದು ಅವಳು ಅರಚಿದಳು. ಒಬ್ಬನೂ ತಿರುಗಲಿಲ್ಲ. ಅವಳು ಸಿಲಿಂಡರಿನ ಪಿನ್ನು ಹಲ್ಲಿನಿಂದ ಕಿತ್ತು ಹಿಡಿ ಒತ್ತಿದಳು. ಬಿಳಿ ಪುಡಿ ಭುಸ್ಸೆಂದು ನುಗ್ಗಿತು. ಮೊದಲ ಸಾಲಿನ ಬೆನ್ನುಗಳು ಕೆಮ್ಮಿದವು, ಕಣ್ಣುಜ್ಜಿಕೊಂಡವು, ದಾರಿ ಬಿಟ್ಟವು. ಅವಳು ಒಳಗೆ ಹೊಕ್ಕಳು. ಪುಡಿ ಮುಗಿಯಿತು. ಮುಗಿದ ಮೇಲೆ ಸಿಲಿಂಡರನ್ನು ತಿರುಗಿಸಿ ಹಿಡಿದು, ಚಕ್ರಕ್ಕೆ ಕೈ ಒತ್ತಿದ್ದವನ ಹೆಗಲಿಗೆ ತಳದಿಂದ ಬೀಸಿ ಹೊಡೆದಳು. ಒಣಗಿದ ಕೊಂಬೆ ಮುರಿದಂತೆ ಮೂಳೆ ಲಟಕ್ಕೆಂದಿತು. ಅವನು ಬಕೆಟ್ಟಿನ ಮೇಲೆ ಕುಸಿದ. ಇನ್ನೊಬ್ಬನ ಬಾಯಿಗೆ ಮುಷ್ಟಿಯಿಂದ ಹೊಡೆದಳು, ಹಲ್ಲು ಅವಳ ಕೈಗೇ ಚುಚ್ಚಿತು. ಮತ್ತೊಬ್ಬನ ಮೊಣಕಾಲಿಗೆ. ಹಿಂದಿನಿಂದ ಒಂದು ಕೊಕ್ಕೆ ಅವಳ ಬೆನ್ನು ಸೀಳಿಕೊಂಡು ಹೋಯಿತು. ಒಂದು ಕಲ್ಲು ಹಣೆಗೆ ಬಂತು. ಅವಳು ತಮ್ಮನ ಮೇಲೆ ಬಿದ್ದಳು. ಬಿದ್ದವಳು ಏಳಲಿಲ್ಲ, ಅಲ್ಲೇ ಅವನ ತಲೆಯ ಸುತ್ತ ಕೈ ಕಟ್ಟಿ ಮಲಗಿದಳು. ಒದೆಗಳು ಅವಳ ಪಕ್ಕೆಗೆ ಬೀಳತೊಡಗಿದವು. ಅವನ ರಕ್ತ ಅವಳ ಬಾಯಿಗೆ ಬಂತು, ಅವಳದು ಅವನ ಕಣ್ಣಿಗೆ.

"ಅಕ್ಕ, ನಾನೇನ್ ಮಾಡ್ದೆ?" ಎಂದ ಅವನು, ಮುರಿದ ದವಡೆಯಲ್ಲಿ.

"ಏನಿಲ್ಲ ಕಣೋ. ನಾನು ಮಾಡ್ದೆ."

ಪೊಲೀಸರು ಬಂದರು. ಬಂದವರು ಭೇದವಿಲ್ಲದೆ ಎಲ್ಲರಿಗೂ ಲಾಠಿ ಬೀಸಿದರು, ಬಿದ್ದವರಿಗೂ ಸೇರಿಸಿ. ಖಾನೆಯಕ್ಕನ ಮುಂಗೈ ಮುರಿದದ್ದು ಗುಂಪಿನಿಂದಲ್ಲ, ಸರ್ಕಾರದಿಂದ.

ತಮ್ಮ ಬದುಕಿದ. ಬಲಗೈಯ ಎರಡು ಬೆರಳು ಚಕ್ರಕ್ಕೆ ಹೋದವು, ದವಡೆಗೆ ತಂತಿ ಬಿಗಿದರು. ನಿಜವಾಗಿ ಇರಿದವನು ಆಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಗ ಸಿಕ್ಕಿದ. ಸತ್ತ ಹುಡುಗನ ಅಪ್ಪ, ಆ ಹರಾಜಿನವನು, ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೂ ಬಂದು, ಒಳಗೆ ಬರಲಾಗದೆ, ಕಿತ್ತಳೆ ಹಣ್ಣಿನ ಚೀಲವನ್ನು ಹೊಸ್ತಿಲಲ್ಲಿಟ್ಟು ಹೋದ. ದವಡೆ ಕಟ್ಟಿಸಿಕೊಂಡವನಿಗೆ ಕಿತ್ತಳೆ! ಅಮ್ಮ ಹಿಂಡಿ ಹಿಂಡಿ ರಸ ತೆಗೆದಳು, ತೆಗೆಯುತ್ತಾ ಅಳುತ್ತಾ ಪಕ್ಕದ ಹಾಸಿಗೆಯ ಮಗಳನ್ನು ಬೈದಳು.

"ತಮ್ಮ ಸಾಯ್ತಿದ್ದ, ನೀನು ಖಾನೆ ತಿದ್ತಾ ಕೂತಿದ್ಯಂತೆ!"

"ತಿದ್ದಿ ಬಂದೆನಲ್ಲಮ್ಮ."

"ಮೊದಲು ಬಂದು ಆಮೇಲೆ ತಿದ್ದೋಕೆ ಏನಾಗಿತ್ತೇ ದರಿದ್ರದವಳೇ? ಎರಡು ಬೆರಳು ಉಳೀತಿತ್ತು!"

ಅವಳು ಹಾಸಿಗೆಯಿಂದ ಎದ್ದಳು. ಕಟ್ಟು ಹಾಕಿದ ಕೈಯಿಂದ ಅಮ್ಮನ ಕೈಲಿದ್ದ ಲೋಟ ತೆಗೆದುಕೊಂಡು ತಮ್ಮನ ಬಾಯಿಗೆ ಸ್ಟ್ರಾ ಇಟ್ಟಳು. ಅವನು ಎಳೆದುಕೊಳ್ಳುವವರೆಗೂ ಹಿಡಿದೇ ನಿಂತಳು.

ಬಿಸಿಯಪ್ಪ ವಾರ್ಡಿಗೆ ಬಂದವನು ಅವಳ ಕಾಲ ಹತ್ತಿರ ಸ್ಟೂಲಿನ ಮೇಲೆ ಮುದುಡಿ ಕೂತ. ಅವನ ಮುಖ ಆರಿ ತಣ್ಣಗಾಗಿತ್ತು.

"ಹೊಡಿ ಅಕ್ಕ. ಒಂದೇಟಾದ್ರೂ ಹೊಡಿ."

"ಕೈ ಮುರಿದಿದೆ ಕಣೋ. ಲಾಪ್‌ಟಾಪ್ ತಂದಿದ್ಯಾ?"

ಹಾಸಿಗೆಯ ಮೇಲೆ ಕೂತು, ಒಂದೇ ಕೈಯಲ್ಲಿ, ಅವಳು ಎರಡು ಕೆಲಸ ಮಾಡಿದಳು. ನಕಲು ಮಾಡುವ ಗುಂಡಿಯನ್ನೇ ಕಿತ್ತು ಹಾಕಿದಳು. ಆಮೇಲೆ ಹೊಚ್ಚ ಹೊಸ ಪುಟ ತೆರೆದು ಸಾಣೆ ಅಂಗಡಿಯ ಘಟನೆಯನ್ನು ಖಾನೆ ಖಾನೆಯಾಗಿ ತುಂಬಿದಳು. ಗಾಯಾಳುಗಳ ಖಾನೆಯಲ್ಲಿ ತಮ್ಮನ ಜೊತೆ ಹೆಗಲು ಮುರಿದವನನ್ನೂ ಇಟ್ಟಳು. ಆರೋಪಿಗಳ ಖಾನೆಯಲ್ಲಿ ಆ ಹೆಗಲಿನವನನ್ನು ಮತ್ತೊಮ್ಮೆ ಇಟ್ಟು, ಪಕ್ಕದಲ್ಲಿ ತನ್ನನ್ನೂ ಸಿಕ್ಕಿಸಿಕೊಂಡಳು. ಸ್ಥಿತಿ: 'ಆಸ್ಪತ್ರೆಯಲ್ಲಿದ್ದಾಳೆ'. ಆಯುಧದಲ್ಲಿ ಚೂರಿ, ದೊಣ್ಣೆ, ಕಲ್ಲು, ಸರಳು ಎಲ್ಲ ಇದ್ದವು, ಸಿಲಿಂಡರ್ ಇರಲಿಲ್ಲ. 'ಇತರೆ' ಎಂದು ಆರಿಸಿದಳು. ಗುಂಪಿನಲ್ಲಿದ್ದವರ ಸಂಖ್ಯೆ ಎಂಬ ಖಾನೆಗೆ ಬಂದು ನಿಂತಳು.

"ಎಷ್ಟು ಜನ ಇದ್ರೋ?"

"ಪೊಲೀಸ್ ಲೆಕ್ಕ ಎಂಬತ್ತಕ್ಕೂ ಮೇಲೆ."

ಅವಳ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಎಂಟು ಒತ್ತಿದಳು, ಸೊನ್ನೆ ಒತ್ತಿದಳು.

ಅಷ್ಟರಲ್ಲಿ ಯಜಮಾನರೇ ಬಂದರು, ಹಿಂದೆ ಕ್ಯಾಮೆರಾದವನು. ಅವಳ ಪುಟ ನೋಡಿ ಅವರಿಗೆ ಸಿಟ್ಟು ಬಂತು, ಪುಣ್ಯಕ್ಕೆ ವಾರ್ಡಿನಲ್ಲಿ ಪೇಪರ್‌ವೇಟ್ ಇರಲಿಲ್ಲ.

"ಆರೋಪಿ ಏನಮ್ಮ ನೀನು? ಊರೆಲ್ಲಾ ನಿನ್ನನ್ನೇ ಕೊಂಡಾಡ್ತಿದೆ. 'ಸಾಹಸಿ' ಅಂತ ಒಂದು ಹೊಸ ಖಾನೆ ತೆರಿ."

"ಒಬ್ಬಳಿಗೋಸ್ಕರ ಖಾನೆ ತೆರೆಯೋಕಾಗಲ್ಲ ಸರ್. ನಾಳೆಯಿಂದ ದಿನಾ ಖಾಲಿ ಬೀಳುತ್ತೆ."

ಯಜಮಾನರು ಮಾತು ಬೆಳೆಸಲಿಲ್ಲ. ಕ್ಯಾಮೆರಾದವನಿಗೆ ಸನ್ನೆ ಮಾಡಿ, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ದನಿಯಲ್ಲಿ ಮೈಕು ಹಿಡಿದರು. ನರ್ಸು ಕೆಲಸ ಬಿಟ್ಟು ನಿಂತಳು. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ತಂತಿ ಬಿಗಿದ ದವಡೆಯ ತಮ್ಮ ದಿಂಬಿನ ಮೇಲೆ ತಲೆ ಹೊರಳಿಸಿ ಅಕ್ಕನನ್ನೇ ನೋಡಿದ.

"ಕೊಕ್ಕೆ, ಕತ್ತಿ ಹಿಡಿದ ಎಂಬತ್ತು ಜನ ಎದುರಿಗಿದ್ದರು. ನೀವೊಬ್ಬರೇ ಹೆಣ್ಣುಮಗಳು. ಒಂದು ಕ್ಷಣವೂ ಹಿಂದೆ ಮುಂದೆ ನೋಡದೆ ನುಗ್ಗಿದಿರಿ. ಆ ಧೈರ್ಯ ನಿಮಗೆ ಎಲ್ಲಿಂದ ಬಂತು?"

ಖಾನೆಯಕ್ಕ ಮೈಕಿಗೆ ಮೂಗು ತಾಗುವಷ್ಟು ಬಾಗಿದಳು.

"ಕನ್ನಡಕ ಆಫೀಸಲ್ಲೇ ಬಿಟ್ಟು ಓಡಿದ್ದೆ ಸರ್," ಎಂದಳು. "ಏಳೆಂಟು ಜನ ಇರಬಹುದು ಅನ್ಕೊಂಡಿದ್ದೆ."